ಮುಂದಿನ ಅಧ್ಯಕ್ಷೆಯನ್ನು ತಯಾರು ಮಾಡುವುದು ಹೇಗೆ? ಮಹಿಳಾ ಮಂಡಳಿಗಳಿಗೆ ಆರು ತಿಂಗಳ ಪಾಠ

ಮಹಿಳಾ ಮಂಡಳಿಯ ವಾರ್ಷಿಕ ಮಹಾಸಭೆ. ವರದಿ ಓದಿ ಆಗಿದೆ, ಜಮಾ–ಖರ್ಚಿಗೆ ಒಪ್ಪಿಗೆ ಸಿಕ್ಕಿದೆ. "ಮುಂದಿನ ಅವಧಿಗೆ ಪದಾಧಿಕಾರಿಗಳ ಆಯ್ಕೆ" ಎಂದು ಕಾರ್ಯದರ್ಶಿ ಓದಿದ ಕೂಡಲೇ ಎಲ್ಲರೂ ನೆಲ ನೋಡುತ್ತಾರೆ. "ಅಕ್ಕಾ, ನೀವೇ ಮುಂದುವರಿಸಿಬಿಡಿ, ನಮಗೆಲ್ಲ ಏನು ಗೊತ್ತಾಗುತ್ತೆ" ಎಂದು ಒಬ್ಬರು ಹೇಳುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ವರ್ಷಾನುಗಟ್ಟಲೆ ಇದೇ ನಡೆಯುತ್ತದೆ. ಒಂದು ದಿನ ಆ ಅಕ್ಕನಿಗೆ ಮೊಣಕಾಲು ನೋವು ಹೆಚ್ಚಾಗುತ್ತದೆ, ಇಲ್ಲವೇ ಮಗಳ ಬಾಣಂತನಕ್ಕೆಂದು ಊರು ಬಿಟ್ಟು ಹೋಗುತ್ತಾರೆ. ಆಮೇಲೆ ಬೈಲಾ ಎಲ್ಲಿದೆ, ಠೇವಣಿ ರಸೀದಿ ಯಾರ ಬೀರುವಿನಲ್ಲಿದೆ, ನವೀಕರಣಕ್ಕೆ ಯಾವ ಕಚೇರಿಗೆ ಹೋಗಬೇಕು ಎಂದು ಯಾರಿಗೂ ತಿಳಿಯದೆ, ನಾಲ್ಕಾರು ದಶಕ ನಡೆದ ಮಂಡಳಿ ಬೀಗ ಹಾಕಿಕೊಂಡು ಕೂರುತ್ತದೆ.

ಇದಕ್ಕೆ ಪರಿಹಾರವೆಂದು ನಾವು ಏರ್ಪಡಿಸುವುದು ಒಂದು ದಿನದ "ನಾಯಕತ್ವ ತರಬೇತಿ ಶಿಬಿರ". ದೀಪ ಬೆಳಗುತ್ತೇವೆ, ಪಟ್ಟಣದಿಂದ ಬಂದ ಅತಿಥಿ ಎರಡು ಗಂಟೆ ಮಾತಾಡುತ್ತಾರೆ, ಪಲಾವ್ ಊಟ, ಗುಂಪು ಫೋಟೊ, ಪ್ರಮಾಣಪತ್ರ. ಮರುದಿನ ಮಂಡಳಿ ಹಿಂದಿನ ದಿನ ಹೇಗಿತ್ತೋ ಹಾಗೇ ಇರುತ್ತದೆ. ರೊಟ್ಟಿ ಬಡಿಯುವುದನ್ನು ನೋಡಿ ಕಲಿತವರಿಲ್ಲ, ಹಿಟ್ಟಿಗೆ ಕೈ ಹಾಕಲೇಬೇಕು. ನಾಯಕತ್ವವೂ ಕೈಗೆ ಹೊಣೆ ಬಿದ್ದಾಗ, ಪಕ್ಕದಲ್ಲಿ ಬಲ್ಲವರೊಬ್ಬರು ನಿಂತಿದ್ದಾಗ, ಮಾಡಿದ್ದನ್ನೇ ನಾಲ್ಕು ಸಲ ಮಾಡಿದಾಗ ಬರುತ್ತದೆ. ಇಲ್ಲಿ ಹೇಳುವುದು ಅಂಥ ತರಬೇತಿಯ ಕ್ರಮ. ಹೊರಗಿನ ಅತಿಥಿ ಬೇಡ, ಖರ್ಚು ಹೆಚ್ಚಿಲ್ಲ. ಇಪ್ಪತ್ತರಿಂದ ಅರವತ್ತು ಸದಸ್ಯೆಯರಿರುವ, ಸಣ್ಣ ಊರಿನ ಅಥವಾ ಬಡಾವಣೆಯ ಮಂಡಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆರು ತಿಂಗಳು ಹಿಡಿಯುತ್ತದೆ. ತಿಂಗಳಿಗೊಂದು ಮಾಸಿಕ ಸಭೆ ಹೇಗೂ ಇರುತ್ತದೆ, ಅದರ ಜೊತೆ ಇನ್ನೊಂದು ಮಧ್ಯಾಹ್ನ ಹೊಂದಿಸಿಕೊಂಡರೆ ಸಾಕು.

ಹಂತ 1: ಮಂಡಳಿಯ ಕೆಲಸಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ

ದೊಡ್ಡ ಡ್ರಾಯಿಂಗ್ ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಕೆಲಸ, ಎರಡನೆಯದರಲ್ಲಿ ಈಗ ಅದನ್ನು ಮಾಡುತ್ತಿರುವವರ ಹೆಸರು, ಮೂರನೆಯದರಲ್ಲಿ ಅವರು ಇಲ್ಲದ ದಿನ ಅದನ್ನು ಮಾಡಬಲ್ಲವರ ಹೆಸರು. ಸಣ್ಣಪುಟ್ಟದ್ದನ್ನೂ ಬಿಡಬೇಡಿ: ಸಭಾಂಗಣದ ಬೀಗದ ಕೈ, ಸಭೆಯ ಸೂಚನೆ ಕಳಿಸುವುದು, ವಂತಿಗೆ ವಸೂಲಿ, ನಡಾವಳಿ ಬರೆಯುವುದು, ಬ್ಯಾಂಕಿಗೆ ಹೋಗುವುದು, ಆಡಿಟರ್ ಹತ್ತಿರ ಕೂರುವುದು, ಶಾಮಿಯಾನದವರ ಜೊತೆ ಚೌಕಾಸಿ, ಪತ್ರಿಕೆಗೆ ಸುದ್ದಿ ಕೊಡುವುದು, ಹುಷಾರಿಲ್ಲದ ಸದಸ್ಯೆಯ ಮನೆಗೆ ಹೋಗಿ ಬರುವುದು.

ಬಹುತೇಕ ಮಂಡಳಿಗಳಲ್ಲಿ ಎರಡನೇ ಕಾಲಂನಲ್ಲಿ ಎರಡು ಮೂರು ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ, ಮೂರನೆಯದು ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವೇ ನಿಮ್ಮ ಪಠ್ಯಕ್ರಮ. ಹಾಳೆಯನ್ನು ಗೋಡೆಗೆ ಅಂಟಿಸಿ, ಎಲ್ಲರಿಗೂ ಕಾಣಲಿ.

ಹಂತ 2: ಕಲಿಯುವವರನ್ನು ಆರಿಸಿ, ಜೋಡಿ ಹಾಕಿ

ಮಾತು ಬಲ್ಲವರನ್ನೇ ಆರಿಸುವುದು ನಮ್ಮ ಹಳೆಯ ಅಭ್ಯಾಸ. ಸ್ವಲ್ಪ ಬೇರೆ ಕಡೆಯೂ ಕಣ್ಣು ಹಾಯಿಸಿ. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಜೋಡಿಸಿಟ್ಟು ಕೊನೆಗೆ ಹೊರಡುವವರು ಯಾರು? ಇಬ್ಬರು ಮುನಿಸಿಕೊಂಡರೆ ಇಬ್ಬರೂ ಹೋಗಿ ಮನಸ್ಸು ಬಿಚ್ಚುವುದು ಯಾರ ಹತ್ತಿರ? ಹೇಳಿದ ಹೊತ್ತಿಗೆ ಬರುವವರು ಯಾರು? ಸಂಘಟನೆಗೆ ಬೇಕಾದ ಅರ್ಧ ಗುಣ ಅಂಥವರಲ್ಲಿ ಆಗಲೇ ಇರುತ್ತದೆ. ಮಾತನ್ನು ಕಲಿಸಬಹುದು.

ಇನ್ನೊಂದು ವಿಷಯವನ್ನು ನೇರವಾಗಿಯೇ ಹೇಳಬೇಕು. ನಮ್ಮ ಎಷ್ಟೋ ಮಂಡಳಿಗಳ ಕಾರ್ಯಕ್ರಮ ಅರಿಶಿನ ಕುಂಕುಮದಿಂದ ಶುರುವಾಗಿ ಬಾಗಿನದಲ್ಲಿ ಮುಗಿಯುತ್ತದೆ. ಗಂಡನನ್ನು ಕಳೆದುಕೊಂಡವರು ಅಂಥ ಹೊತ್ತಿನಲ್ಲಿ ತಾವಾಗಿಯೇ ಹಿಂದಿನ ಸಾಲಿಗೆ ಸರಿಯುತ್ತಾರೆ, ಕೆಲವರು ಬರುವುದನ್ನೇ ಬಿಡುತ್ತಾರೆ. ಮಂಡಳಿಗೆ ಹೆಚ್ಚು ಸಮಯ ಕೊಡಬಲ್ಲವರು, ಮನೆಯ ವ್ಯವಹಾರವನ್ನು ಒಬ್ಬರೇ ನಿಭಾಯಿಸಿ ಗಟ್ಟಿಯಾದವರು ಅವರಲ್ಲೇ ಹಲವರಿರುತ್ತಾರೆ. ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮ ದಶಕಗಳ ಕಾಲ "ಸರಸ್ವತಿ" ಪತ್ರಿಕೆ ನಡೆಸಿದರು, 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರೆ ನಷ್ಟ ಯಾರಿಗಾಗುತ್ತಿತ್ತು? ಹಾಗಾಗಿ ಸಭೆಯ ಆರಂಭದಲ್ಲಿ ಹೂವು ಕೊಡುವುದಿದ್ದರೆ ಬಂದವರಿಗೆಲ್ಲ ಕೊಡಿ, ಇಲ್ಲವೇ ಯಾರಿಗೂ ಬೇಡ. ಕಲಿಯುವವರ ಪಟ್ಟಿಯಲ್ಲಿ ಗಂಡನನ್ನು ಕಳೆದುಕೊಂಡವರ ಹೆಸರೂ ಇರಲಿ. ಜಾತಿ, ಕೇರಿಗಳ ವಿಷಯದಲ್ಲೂ ಇದೇ ಲೆಕ್ಕ. ಒಂದೇ ಬೀದಿಯ ಆರು ಮಂದಿಯನ್ನು ತಯಾರು ಮಾಡಿದರೆ ಮಂಡಳಿ ಆ ಬೀದಿಯದಾಗುತ್ತದೆ.

ಆರರಿಂದ ಎಂಟು ಜನ ಸಾಕು. ಪ್ರತಿಯೊಬ್ಬರಿಗೂ ಅನುಭವಿಯೊಬ್ಬರನ್ನು ಜೋಡಿ ಮಾಡಿ. ಜೋಡಿಯ ನಿಯಮ ಒಂದೇ: ಮೊದಲ ತಿಂಗಳು ಹಿರಿಯರು ಮಾಡುತ್ತಾರೆ, ಕಲಿಯುವವರು ನೋಡುತ್ತಾರೆ. ಎರಡನೇ ತಿಂಗಳು ಇಬ್ಬರೂ ಸೇರಿ ಮಾಡುತ್ತಾರೆ. ಮೂರನೇ ತಿಂಗಳಿನಿಂದ ಕಲಿಯುವವರು ಮಾಡುತ್ತಾರೆ, ಹಿರಿಯರು ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ. ಸುಮ್ಮನೆ ಕೂರುವುದೇ ಎಲ್ಲಕ್ಕಿಂತ ಕಷ್ಟ. "ಕೊಡಮ್ಮ ಇಲ್ಲಿ, ನಾನೇ ಮಾಡ್ತೀನಿ" ಎನ್ನುವ ಮಾತು ಹಿರಿಯರ ಬಾಯಿಂದ ಬಂದರೆ ಅಂದಿನ ಪಾಠ ಅಲ್ಲಿಗೆ ನಿಂತಂತೆ.

ಸಮಯವನ್ನೂ ಕಲಿಯುವವರನ್ನು ಕೇಳಿಯೇ ಗೊತ್ತು ಮಾಡಿ. ಗೃಹಿಣಿಯರಿಗೆ ಬೆಳಿಗ್ಗೆ 11ರಿಂದ 12.30 ಅನುಕೂಲ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ, ಶಿಕ್ಷಕಿಯರಿಗೆ ಭಾನುವಾರ ಬಿಟ್ಟರೆ ದಾರಿಯಿಲ್ಲ. ಚಿಕ್ಕ ಮಕ್ಕಳನ್ನು ಕರೆತರುವವರಿಗಾಗಿ ಒಂದು ಮೂಲೆಯಲ್ಲಿ ಚಾಪೆ ಹಾಸಿ, ನೋಡಿಕೊಳ್ಳಲು ಸದಸ್ಯೆಯರೊಬ್ಬರಿಗೆ ಸರದಿಯ ಮೇಲೆ ಹೇಳಿ. "ಮನೆಯಲ್ಲಿ ಕೇಳಿ ಹೇಳ್ತೀನಿ" ಎನ್ನುವವರನ್ನು ಹಗುರ ಮಾಡಬೇಡಿ. ಜೋಡಿಯ ಹಿರಿಯರು ಒಂದು ಸಂಜೆ ಅವರ ಮನೆಗೆ ಹೋಗಿ, ಅತ್ತೆಯ ಹತ್ತಿರ ಕೂತು ಕಾಫಿ ಕುಡಿದು, ಇಂಥ ಕೆಲಸ, ಇಂಥ ಹೊತ್ತಿಗೆ ಮುಗಿಯುತ್ತದೆ ಎಂದು ಹೇಳಿ ಬಂದರೆ ಅರ್ಧ ಅಡ್ಡಿ ನಿವಾರಣೆಯಾಗುತ್ತದೆ.

ಹಂತ 3: ಸಭೆ ನಡೆಸುವುದನ್ನು ಕಲಿಸಿ

ಉಳಿದೆಲ್ಲ ಕಲಿಕೆಗೆ ಇದೇ ಅಡಿಪಾಯ, ಇಲ್ಲಿ ಅವಸರ ಮಾಡಬೇಡಿ. ತಿಂಗಳಿಗೊಬ್ಬರಂತೆ ಕಲಿಯುವವರೇ ಮಾಸಿಕ ಸಭೆಯ ಅಧ್ಯಕ್ಷತೆ ವಹಿಸಲಿ. ಮೊದಲ ತಿಂಗಳ ಸಭೆಯನ್ನು ಮಾತ್ರ ಈಗಿನ ಅಧ್ಯಕ್ಷೆಯೇ ಮಾದರಿಯಾಗಿ ನಡೆಸಿ ತೋರಿಸಲಿ.

ಸಭೆಗೆ ಒಂದು ವಾರ ಮುಂಚೆಯೇ ಕಾರ್ಯಸೂಚಿ ತಯಾರಾಗಬೇಕು. ಪ್ರತಿ ವಿಷಯದ ಮುಂದೆ ನಿಮಿಷ ಬರೆಯಿಸಿ. ಒಂದೂವರೆ ಗಂಟೆಯ ಸಭೆಗೆ ಇದೊಂದು ಮಾದರಿ:

ಪ್ರಾರ್ಥನೆ, ಹಾಜರಾತಿ: 5 ನಿಮಿಷ
ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಣ: 10 ನಿಮಿಷ
ಹಿಂದಿನ ತೀರ್ಮಾನಗಳಲ್ಲಿ ಆದದ್ದು, ಆಗದ್ದು: 15 ನಿಮಿಷ
ತಿಂಗಳ ಜಮಾ–ಖರ್ಚು: 10 ನಿಮಿಷ
ಈ ತಿಂಗಳ ಮುಖ್ಯ ವಿಷಯ (ಒಂದೇ ಒಂದು): 30 ನಿಮಿಷ
ಇತರೆ ವಿಷಯಗಳು: 10 ನಿಮಿಷ
ಮುಂದಿನ ಸಭೆಯ ದಿನಾಂಕ, ಅಧ್ಯಕ್ಷತೆ ಯಾರದು: 5 ನಿಮಿಷ

ಉಳಿದ ಐದು ನಿಮಿಷ ಕೈಯಲ್ಲಿರಲಿ, ಬೇಕಾಗುತ್ತದೆ. "ಆದದ್ದು, ಆಗದ್ದು" ಎಂಬ ಬಾಬ್ತನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹಿಂದಿನ ತಿಂಗಳು ಒಪ್ಪಿಕೊಂಡ ಕೆಲಸವನ್ನು ಮುಂದಿನ ತಿಂಗಳು ಎಲ್ಲರೆದುರು ಕೇಳುತ್ತಾರೆಂದು ಗೊತ್ತಾದರೆ ಕೆಲಸ ತಾನಾಗಿ ನಡೆಯತೊಡಗುತ್ತದೆ.

ಅಧ್ಯಕ್ಷತೆ ವಹಿಸುವವರಿಗೆ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಸಿ. ಒಬ್ಬರೇ ಮಾತಾಡುತ್ತಿದ್ದರೆ: "ನಿಮ್ಮ ಮಾತು ಬರೆದುಕೊಂಡಿದ್ದೇವೆ, ಈಗ ಮಾತಾಡದವರ ಅಭಿಪ್ರಾಯ ಕೇಳೋಣ." ಮೂಲೆಯಲ್ಲಿ ಗುಸುಗುಸು ನಡೆದರೆ: "ಆ ವಿಷಯ ಎಲ್ಲರಿಗೂ ಕೇಳೋ ಹಾಗೆ ಹೇಳಿ, ನಮಗೂ ಬೇಕು." ವಿಷಯ ಎಲ್ಲೆಲ್ಲೋ ಹೋದರೆ: "ಇದನ್ನು ಇತರೆ ವಿಷಯದಲ್ಲಿ ತೆಗೆದುಕೊಳ್ಳೋಣ." ಎಲ್ಲರೂ ಸುಮ್ಮನಾದರೆ: "ಈ ಕಡೆಯಿಂದ ಒಬ್ಬೊಬ್ಬರಾಗಿ ಒಂದೊಂದು ಮಾತು ಹೇಳಿ, ಬೇಡ ಅನ್ನೋದಿದ್ದರೂ ಹೇಳಿ." ಕೊನೆಯ ವಾಕ್ಯದ ಬಲ ದೊಡ್ಡದು. ಸಾಲಾಗಿ ಕೇಳಿದರೆ, ವರ್ಷಗಟ್ಟಲೆ ಬಾಯಿ ಬಿಡದವರೂ ಒಂದು ಮಾತು ಹೇಳುತ್ತಾರೆ. ಹಲವು ಸಲ ಎಲ್ಲರಿಗೂ ಹೊಳೆಯದ ತೊಡಕನ್ನು ತೋರಿಸುವವರು ಅವರೇ: "ಆವತ್ತು ಸಂತೆ ದಿನ, ಯಾರೂ ಬರಲ್ಲ."

ಸಭೆ ಮುಗಿದ ಮೇಲೆ ಹತ್ತು ನಿಮಿಷ ಜೋಡಿ ಮಾತ್ರ ಕೂರಬೇಕು. ಹಿರಿಯರು ಮೊದಲು ಕೇಳಬೇಕಾದ್ದು "ನಿನಗೆ ಹೇಗನ್ನಿಸಿತು?" ಆಮೇಲೆ ಚೆನ್ನಾಗಿ ಆದದ್ದು ಎರಡು, ಮುಂದಿನ ಸಲ ಬೇರೆ ರೀತಿ ಮಾಡಬಹುದಾದ್ದು ಒಂದು ಹೇಳಲಿ. ಅದಕ್ಕಿಂತ ಹೆಚ್ಚು ಬೇಡ. ಬೇರೆಯವರೆದುರು ತಿದ್ದುವುದಂತೂ ಕೂಡದು.

ಹಂತ 4: ನಡಾವಳಿ ಪುಸ್ತಕ

ಕಲಿಯುವವರಲ್ಲಿ ಇಬ್ಬರು ಒಂದೇ ಸಭೆಯ ನಡಾವಳಿಯನ್ನು ಬೇರೆ ಬೇರೆಯಾಗಿ ಬರೆಯಲಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಏನು ಬಿಟ್ಟುಹೋಗಿದೆ ಎಂದು ಅವರಿಗೇ ಕಾಣುತ್ತದೆ.

ನಮ್ಮ ನಡಾವಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬರವಣಿಗೆ ಹೀಗಿರುತ್ತದೆ: "ಕಣ್ಣಿನ ಶಿಬಿರದ ಬಗ್ಗೆ ಚರ್ಚಿಸಲಾಯಿತು. ಎಲ್ಲರೂ ಒಪ್ಪಿದರು." ಯಾವಾಗ, ಎಲ್ಲಿ, ಎಷ್ಟು ಖರ್ಚಿನಲ್ಲಿ, ಯಾರ ಹೊಣೆ? ಒಂದೂ ಇಲ್ಲ. ಅದೇ ತೀರ್ಮಾನ ಠರಾವಿನ ರೂಪದಲ್ಲಿ ಹೀಗಿರಬೇಕು: "ಠರಾವು 3: ಜನವರಿ ತಿಂಗಳ ಎರಡನೇ ಭಾನುವಾರ ಸಮುದಾಯ ಭವನದಲ್ಲಿ ಉಚಿತ ಕಣ್ಣು ತಪಾಸಣೆ ಶಿಬಿರ ನಡೆಸುವುದೆಂದೂ, ಇದಕ್ಕೆ ಮಂಡಳಿಯ ನಿಧಿಯಿಂದ 6,000 ರೂಪಾಯಿ ಮೀರದಂತೆ ಖರ್ಚು ಮಾಡುವುದೆಂದೂ, ಇದರ ಹೊಣೆಯನ್ನು ಸಹ ಕಾರ್ಯದರ್ಶಿಯವರಿಗೆ ವಹಿಸುವುದೆಂದೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಕೆಳಗೆ ಸೂಚಿಸಿದವರು, ಅನುಮೋದಿಸಿದವರು, ಅಧ್ಯಕ್ಷತೆ ವಹಿಸಿದವರ ಸಹಿ. ಯಾರಾದರೂ ಒಪ್ಪದಿದ್ದರೆ ಅವರ ಭಿನ್ನಾಭಿಪ್ರಾಯವನ್ನೂ ಬರೆಯಬೇಕು. ಪುಟಗಳಿಗೆ ಕ್ರಮಸಂಖ್ಯೆ ಹಾಕಿ, ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ, ತಪ್ಪಿದ ಕಡೆ ವೈಟ್ನರ್ ಹಚ್ಚದೆ ಹೊಡೆದು ಪಕ್ಕದಲ್ಲಿ ಕಿರುಸಹಿ ಮಾಡಿ.

ಬೈಲಾವನ್ನೂ ನಡಾವಳಿ ಕಲಿಸುವ ತಿಂಗಳಲ್ಲೇ ಓದಿಸಿ. ನೋಂದಾಯಿತ ಮಂಡಳಿಗಳಲ್ಲಿ ಬಹುತೇಕ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆಮೇಲೆ ಪ್ರತಿ ವರ್ಷ ಮಹಾಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಬಿಟ್ಟು, ಅನುದಾನಕ್ಕೆ ಅರ್ಜಿ ಹಾಕುವ ದಿನ ಪರದಾಡುವ ಮಂಡಳಿಗಳು ಬೇಕಾದಷ್ಟಿವೆ. ಪದಾಧಿಕಾರಿಗಳ ಅವಧಿ ಎಷ್ಟು, ಕೋರಂ ಎಷ್ಟು, ಮಹಾಸಭೆಯ ಸೂಚನೆ ಎಷ್ಟು ದಿನ ಮುಂಚೆ ಕೊಡಬೇಕು ಎಂಬ ಮೂರು ಪ್ರಶ್ನೆಗೆ ಬೈಲಾದಲ್ಲೇ ಉತ್ತರ ಹುಡುಕಿ ತೆಗೆಯುವಂತೆ ಕಲಿಯುವವರಿಗೆ ಹೇಳಿ.

ಹಂತ 5: ಹಣ

"ಲೆಕ್ಕ ನಂಗೆ ಬೇಡಪ್ಪ, ನಾಳೆ ಮಾತು ಬರುತ್ತೆ" ಎಂದು ಹೆಣ್ಣುಮಕ್ಕಳು ಹಿಂದೆ ಸರಿಯುವುದು ಇಲ್ಲೇ. ಭಯಕ್ಕೆ ಕಾರಣವೂ ಇದೆ. ಬಾಯಿಮಾತಿನಲ್ಲಿ ನಡೆಯುವ ವ್ಯವಹಾರದಲ್ಲಿ ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತದೆ. ಬರವಣಿಗೆಯಲ್ಲಿರುವ ಲೆಕ್ಕವೇ ಅವರನ್ನು ಕಾಯುವುದು. ಇದನ್ನು ಮೊದಲೇ ಬಿಡಿಸಿ ಹೇಳಿ.

ಕಲಿಸುವುದನ್ನು ಒಂದು ತಿಂಗಳ ನಿಜವಾದ ಲೆಕ್ಕದಿಂದಲೇ ಶುರು ಮಾಡಿ. ಉದಾಹರಣೆಗೆ, ತಿಂಗಳ ಆರಂಭದಲ್ಲಿ ಕೈಯಲ್ಲಿ ನಗದು 1,240 ರೂಪಾಯಿ. 30 ಸದಸ್ಯೆಯರ ವಂತಿಗೆ ತಲಾ 50ರಂತೆ 1,500. ಒಟ್ಟು 2,740. ಸಭೆಯ ಚಹಾ, ಬಿಸ್ಕತ್ತಿಗೆ 180, ಜೆರಾಕ್ಸ್‌ಗೆ 45, ಬ್ಯಾಂಕಿಗೆ ಕಟ್ಟಿದ್ದು 2,000. ಉಳಿಯಬೇಕಾದ್ದು 515. ಈಗ ಹಣದ ಪೆಟ್ಟಿಗೆ ತೆರೆದು ಎಲ್ಲರೆದುರು ಎಣಿಸಿ. 515 ಇದ್ದರೆ ಸರಿ. 505 ಇದ್ದರೆ ಆ ಹತ್ತು ರೂಪಾಯಿ ಎಲ್ಲಿ ಹೋಯಿತೆಂದು ಹುಡುಕಿಸಿ, "ಹೋಗ್ಲಿ ಬಿಡಿ, ನಾನು ಹಾಕ್ತೀನಿ" ಎಂದು ಯಾರೂ ಕೈಯಿಂದ ತುಂಬಬಾರದು. ಆಟೊಗೆ ಕೊಟ್ಟಿದ್ದನ್ನು ಬರೆಯಲು ಮರೆತದ್ದು ಆ ಹುಡುಕಾಟದಲ್ಲೇ ಸಿಗುತ್ತದೆ. ಮುಂದೆಂದೂ ಅವರು ವೋಚರ್ ಬರೆಯದೆ ಹಣ ಕೊಡುವುದಿಲ್ಲ.

ನಿಯಮಗಳು ಕೆಲವೇ. ಹಣ ಬಂದ ಕೂಡಲೇ ರಸೀದಿ, ಹಣ ಹೋದ ಕೂಡಲೇ ವೋಚರ್. ಬಿಲ್ ಸಿಗದ ಖರ್ಚಿಗೆ ಹಣ ಪಡೆದವರ ಸಹಿ ಇರುವ ಚೀಟಿ. ಕೈಯಲ್ಲಿ ಇಟ್ಟುಕೊಳ್ಳಬಹುದಾದ ನಗದಿಗೆ ಮಿತಿ ಇರಲಿ, ಅದನ್ನು ಠರಾವಿನಲ್ಲೇ ಗೊತ್ತು ಮಾಡಿ. ಬ್ಯಾಂಕ್ ಖಾತೆ ಇಬ್ಬರ ಜಂಟಿ ಸಹಿಯಲ್ಲಿರಲಿ, ಒಂದೇ ಮನೆಯ ಅತ್ತೆ–ಸೊಸೆ ಆ ಇಬ್ಬರಾಗುವುದು ಬೇಡ. ಖಾಲಿ ಚೆಕ್ಕಿಗೆ ಮುಂಗಡ ಸಹಿ ಮಾಡಿಡುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ದಾನಿಗಳು ಫೋನ್‌ಪೇ, ಗೂಗಲ್‌ಪೇ ಮಾಡುತ್ತೇವೆಂದರೆ ಹಣ ಮಂಡಳಿಯ ಖಾತೆಗೇ ಬರಬೇಕು, ಕಾರ್ಯದರ್ಶಿಯ ಸ್ವಂತ ಮೊಬೈಲ್‌ಗೆ ಬರಕೂಡದು.

ಇಲ್ಲೊಂದು ಸಂತೋಷದ ವಿಷಯವಿದೆ. ಕರ್ನಾಟಕದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ, ಅದಕ್ಕೂ ಮುಂಚೆ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಕಟ್ಟಿದ ಸ್ವಸಹಾಯ ಸಂಘಗಳಲ್ಲಿ, ಲೆಕ್ಕಕ್ಕೆ ಹೆದರದ ಹೆಣ್ಣುಮಕ್ಕಳ ಒಂದು ಪೀಳಿಗೆಯೇ ಬೆಳೆದಿದೆ. ವಾರ ವಾರ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ ಅವರಿಗೆ ನಿತ್ಯದ ಮಾತು. ನಿಮ್ಮ ಮಂಡಳಿಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವ, ಮನೆಗೆಲಸಕ್ಕೆ ಹೋಗುವ ಸದಸ್ಯೆಯೊಬ್ಬರು ತಮ್ಮ ಕೇರಿಯ ಸಂಘದಲ್ಲಿ ಲಕ್ಷಗಟ್ಟಲೆ ಸಾಲದ ಲೆಕ್ಕ ಇಡುತ್ತಿರಬಹುದು. ವಿಚಾರಿಸಿ. ಲೆಕ್ಕದ ಪಾಠಕ್ಕೆ ಅವರನ್ನೇ ಗುರುವಾಗಿ ಕೂರಿಸಿ.

ಹಂತ 6: ಕಚೇರಿಯ ಮೆಟ್ಟಿಲು ಹತ್ತಿಸಿ

ನಾಲ್ಕನೇ ತಿಂಗಳು ಊರಿನ ಒಂದು ನಿಜವಾದ ಸಮಸ್ಯೆ ಆರಿಸಿಕೊಳ್ಳಿ. ಚಿಕ್ಕದಿರಲಿ, ಪರಿಹಾರ ಸ್ಥಳೀಯ ಕಚೇರಿಯ ಕೈಯಲ್ಲಿರುವಂಥದ್ದಾಗಿರಲಿ: ಉರಿಯದ ಬೀದಿದೀಪ, ಬಸ್ ನಿಲ್ದಾಣದ ಶೌಚಾಲಯದ ಬೀಗ, ಅಂಗನವಾಡಿ ಎದುರಿನ ಚರಂಡಿ. ಅರ್ಜಿ ಬರೆಯುವುದರಿಂದ ಉತ್ತರ ಬರುವವರೆಗೂ ಕಲಿಯುವವರೇ ನಡೆಸಲಿ.

ಅರ್ಜಿ ಒಂದೇ ಪುಟ, ಒಂದೇ ವಿಷಯ. ಎಲ್ಲಿ, ಎಷ್ಟು ದಿನದಿಂದ, ಯಾರಿಗೆ ತೊಂದರೆ, ಏನು ಆಗಬೇಕು. "ತಾವು ದಯಮಾಡಿ ನಮ್ಮ ಮೇಲೆ ಕೃಪೆ ತೋರಿ" ಎಂಬ ಸಾಲುಗಳನ್ನು ಹೊಡೆದು ಹಾಕಿಸಿ, "ಮೂರನೇ ಅಡ್ಡರಸ್ತೆಯ ನಾಲ್ಕು ದೀಪ ಉರಿಯುತ್ತಿಲ್ಲ" ಎಂಬ ಸಾಲು ಉಳಿಸಿಕೊಳ್ಳಿ. ಎರಡು ಪ್ರತಿ ಒಯ್ಯಬೇಕು. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಳ್ಳಬೇಕು. "ಬಿಟ್ಟು ಹೋಗಿಮ್ಮ, ನೋಡ್ತೀವಿ" ಎಂದರೂ ಮೊಹರು ಇಲ್ಲದೆ ಕದಲಬಾರದು ಎಂದು ಹೇಳಿ ಕಳಿಸಿ. ಒಬ್ಬರೇ ಹೋಗುವುದು ಬೇಡ, ಹತ್ತು ಜನರೂ ಬೇಡ, ಮೂವರು ಸರಿ. ಒಬ್ಬರು ಮಾತಾಡುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಒಬ್ಬರು ನೋಡಿ ಕಲಿಯುತ್ತಾರೆ. ಎರಡು ವಾರದ ಮೇಲೆ ಮತ್ತೆ ಹೋಗಿ, ಅರ್ಜಿ ಯಾರ ಟೇಬಲ್ ಮೇಲಿದೆ ಎಂದು ಕೇಳಿ ಬರಬೇಕು. ಏನೂ ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ "ನಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮವೇನು" ಎಂದು ಕೇಳಬಹುದು. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಹಳ್ಳಿಯಾದರೆ ಅದೇ ವಿಷಯವನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿಸಿ.

ಈ ಹಂತಕ್ಕೆ ನಾನು ಇಷ್ಟು ತೂಕ ಕೊಡುವುದಕ್ಕೆ ಕಾರಣವಿದೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ನಿಂತು ಸ್ವಲ್ಪ ಮತಗಳಿಂದ ಸೋತರು. ಮರುವರ್ಷ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿಕೊಂಡಿತು, ಅದರ ಸಂಘಟನೆಯ ಹೊಣೆ ಹೊತ್ತವರಲ್ಲಿ ಅವರೂ ಇದ್ದರು. ಹೆಣ್ಣುಮಗಳೊಬ್ಬಳು ಮತ ಕೇಳುವುದೇ ಆಗ ಸುದ್ದಿ. ಇಂದು ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. 1983ರ ಪಂಚಾಯಿತಿ ಕಾಯ್ದೆಯಲ್ಲಿ ನಾಲ್ಕರಲ್ಲೊಂದು ಪಾಲು ಸಿಕ್ಕಿತು, ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರಲ್ಲಿ ಮೂರರಲ್ಲೊಂದಾಯಿತು, 2010ರಲ್ಲಿ ಅರ್ಧಕ್ಕೆ ಏರಿತು. ಸ್ಥಾನ ಬಂದಿದೆ, ಆದರೆ ಸಭೆಯಲ್ಲಿ ಗಂಡ ಪಕ್ಕದಲ್ಲಿ ಕೂತು ಉತ್ತರ ಕೊಡುವ ದೃಶ್ಯ ಇನ್ನೂ ಎಷ್ಟೋ ಕಡೆ ಉಳಿದಿದೆ. ಅರ್ಜಿ ಹಿಡಿದು ಮೂರು ಸಲ ಕಚೇರಿಗೆ ಹೋಗಿ ಬಂದ, ಸಭೆ ನಡೆಸಿ ರೂಢಿಯಿರುವ ಹೆಣ್ಣುಮಗಳು ಗೆದ್ದು ಕುರ್ಚಿಯಲ್ಲಿ ಕೂತರೆ ಆ ಪಕ್ಕದ ಕುರ್ಚಿ ಬೇಕಾಗುವುದಿಲ್ಲ. ಮಹಿಳಾ ಮಂಡಳಿ ಊರಿಗೆ ಕೊಡಬಹುದಾದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಹಂತ 7: ಮೈಕಿನ ಮುಂದೆ

ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ, ವಂದನಾರ್ಪಣೆ, ನಾಲ್ಕೂ ಪ್ರತಿ ಕಾರ್ಯಕ್ರಮದಲ್ಲಿ ಬೇರೆ ಬೇರೆಯವರ ಪಾಲಾಗಲಿ. ಹೊಸಬರು ವಂದನಾರ್ಪಣೆಯಿಂದ ಶುರು ಮಾಡುವುದು ಸುಲಭ. ಬರೆದದ್ದನ್ನು ಓದಲಿ, ನಾಚಿಕೆಯೇನಿಲ್ಲ, ಹೆಸರುಗಳನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಲಿ. ತಮ್ಮ ಊರಿನ ಕನ್ನಡದಲ್ಲೇ ಮಾತಾಡಲಿ. ಕಲಬುರಗಿಯವರು ಮೈಸೂರಿನವರ ಹಾಗೆ ಮಾತಾಡಲು ಹೋದರೆ ನಾಲಿಗೆ ತೊಡರುತ್ತದೆ, ಹೇಳಬೇಕಾದ್ದೂ ಮರೆಯುತ್ತದೆ.

ಹಂತ 8: ನೊಂದು ಬಂದವರ ಜೊತೆ ಹೇಗಿರಬೇಕು

ಮಹಿಳಾ ಮಂಡಳಿ ಎಂದ ಮೇಲೆ ಒಂದಲ್ಲ ಒಂದು ದಿನ, ಮನೆಯಲ್ಲಿ ಹೊಡೆತ ತಿಂದ ಹೆಣ್ಣುಮಗಳು ಬಾಗಿಲಿಗೆ ಬರುತ್ತಾಳೆ. ಅದಕ್ಕೆ ಸಿದ್ಧರಿಲ್ಲದ ನಾಯಕಿಯರಿಂದ ಉಪಕಾರಕ್ಕಿಂತ ಅಪಾಯ ಹೆಚ್ಚು. ಕಲಿಯುವವರೆಲ್ಲರಿಗೂ ಈ ಪಾಠ ಕಡ್ಡಾಯ.

ಮೊದಲು ಕೂರಿಸಿ, ನೀರು ಕೊಟ್ಟು, ಕೇಳಿಸಿಕೊಳ್ಳುವುದು. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂಬ ಮಾತು ಬಾಯಿಗೆ ಬರಕೂಡದು. ಗಂಡನನ್ನು ಕರೆಸಿ ಮಂಡಳಿಯಲ್ಲಿ ಪಂಚಾಯಿತಿ ಮಾಡಲೂ ಹೋಗಬಾರದು, ಅವಳು ರಾತ್ರಿ ಅದೇ ಮನೆಗೆ ಮರಳಬೇಕಿರುತ್ತದೆ. ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳಬಾರದು, ವಾಟ್ಸಾಪ್ ಗುಂಪಿನಲ್ಲಂತೂ ಹೆಸರು ಬರಲೇಕೂಡದು. ತಕ್ಷಣದ ಅಪಾಯವಿದ್ದರೆ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಎಂಬ ಹುದ್ದೆಯಿದೆ. ನಮ್ಮ ತಾಲ್ಲೂಕುಗಳಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರದು. ಜಿಲ್ಲಾ ಕೇಂದ್ರದಲ್ಲಿ, ನೊಂದ ಮಹಿಳೆಯರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರ ಇರುತ್ತದೆ. ಕಾನೂನು ಸೇವಾ ಪ್ರಾಧಿಕಾರದಿಂದ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಕಲಿಯುವವರು ಈ ಕಚೇರಿಗಳಿಗೆ ಒಮ್ಮೆ ಸ್ವತಃ ಹೋಗಿ, ಅಲ್ಲಿನವರ ಪರಿಚಯ ಮಾಡಿಕೊಂಡು, ವಿಳಾಸ, ಫೋನ್ ನಂಬರ್ ಬರೆದ ಹಾಳೆಯೊಂದನ್ನು ಮಂಡಳಿಯ ಬೀರುವಿನ ಒಳಬಾಗಿಲಿಗೆ ಅಂಟಿಸಲಿ.

ಸದಸ್ಯೆಯರ ನಡುವಿನ ಮುನಿಸಿಗೆ ಮಾತ್ರ ಮಂಡಳಿಯೇ ಮದ್ದು ಹುಡುಕಬೇಕು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಮಧ್ಯಸ್ಥಿಕೆ ಬೇಡ.

ಹಂತ 9: ಒಂದು ಕಾರ್ಯಕ್ರಮ ಪೂರ್ತಿ ಅವರ ಕೈಗೆ

ಐದನೇ ತಿಂಗಳು ಕಲಿಯುವವರ ತಂಡಕ್ಕೆ ಒಂದು ಕಾರ್ಯಕ್ರಮವನ್ನು ಇಡಿಯಾಗಿ ವಹಿಸಿ. ಮೇಲೆ ಹೇಳಿದ ಕಣ್ಣು ತಪಾಸಣೆ ಶಿಬಿರವನ್ನೇ ತೆಗೆದುಕೊಳ್ಳಿ. ತಾಲ್ಲೂಕು ಆಸ್ಪತ್ರೆಗೆ ಪತ್ರ ಬರೆದು ತಾರೀಖು ಪಡೆಯುವುದು, ಸಮುದಾಯ ಭವನ ಕಾದಿರಿಸುವುದು, ವಯಸ್ಸಾದವರಿಗೆ ನೆರಳು, ಕುರ್ಚಿ, ಕುಡಿಯುವ ನೀರು, ಟೋಕನ್ ಚೀಟಿ, ಹೆಸರು ನೋಂದಾಯಿಸುವ ಟೇಬಲ್ಲಿಗೆ ಅಕ್ಷರ ಚೆನ್ನಾಗಿರುವ ಇಬ್ಬರು, ಪೊರೆಯಿದೆ ಎಂದು ಹೇಳಿಸಿಕೊಂಡವರನ್ನು ಆಮೇಲೆ ಆಪರೇಷನ್‌ಗೆ ಕರೆದೊಯ್ಯುವವರು ಯಾರು ಎಂಬ ಪಟ್ಟಿ. ಕೊನೆಯದನ್ನು ಮರೆಯುವವರೇ ಹೆಚ್ಚು, ಶಿಬಿರದ ಸಾರ್ಥಕತೆ ಇರುವುದೇ ಅಲ್ಲಿ.

ಆ ದಿನ ಹಳೆಯ ಪದಾಧಿಕಾರಿಗಳು ವೇದಿಕೆ ಹತ್ತಬಾರದು. ಸಭಿಕರ ಜೊತೆ ಕೂರಲಿ, ಟೋಕನ್ ಕೊಡುವ ಕೆಲಸ ಹೇಳಿದರೆ ಅದನ್ನು ಮಾಡಲಿ. ಕುರ್ಚಿ ಕಡಿಮೆ ಬಿದ್ದರೂ ಬಾಯಿ ಹಾಕಬಾರದು, ತಂಡವೇ ಪಕ್ಕದ ಶಾಲೆಯಿಂದ ಬೆಂಚು ತರಿಸಿಕೊಳ್ಳುತ್ತದೆ. ಮುಗಿದ ವಾರದೊಳಗೆ ಖರ್ಚಿನ ಲೆಕ್ಕ, ಬಂದವರ ಸಂಖ್ಯೆ, ಮುಂದೆ ಆಗಬೇಕಾದ್ದು ಎಲ್ಲವೂ ಇರುವ ಒಂದು ಪುಟದ ವರದಿ ಸಭೆಗೆ ಬರಬೇಕು.

ಹಂತ 10: ಅಧಿಕಾರ ಹಸ್ತಾಂತರ

ಆರನೇ ತಿಂಗಳಿಗೆ ಮಹಾಸಭೆ ಬರುವಂತೆ ಇಡೀ ತರಬೇತಿಯನ್ನು ಹೊಂದಿಸಿಕೊಳ್ಳಿ. ಪದಾಧಿಕಾರಿಯ ಹುದ್ದೆಯಲ್ಲಿ ಒಬ್ಬರು ಸತತ ಎರಡು ಅವಧಿಗಿಂತ ಹೆಚ್ಚು ಇರಬಾರದು ಎಂಬ ತಿದ್ದುಪಡಿಯನ್ನು ಬೈಲಾಕ್ಕೆ ತರಲು ಈಗಿನ ಅಧ್ಯಕ್ಷೆಯೇ ಸೂಚಿಸಿದರೆ ಅದಕ್ಕಿಂತ ಗೌರವದ ವಿದಾಯ ಇನ್ನೊಂದಿಲ್ಲ. ನಾಮಪತ್ರಕ್ಕೆ ಚೀಟಿ ಕೊಡಿ. ಎರಡು ಹೆಸರು ಬಂದರೆ ಗುಪ್ತ ಮತದಾನ ಮಾಡಿಸಿ, "ನಮ್ಮ ನಮ್ಮಲ್ಲಿ ಚುನಾವಣೆ ಯಾಕೆ" ಎಂದು ಒಬ್ಬರನ್ನು ಕೂರಿಸಿಬಿಡಬೇಡಿ. ಸೋತವರಿಗೆ ಅದೇ ಸಭೆಯಲ್ಲಿ ಒಂದು ಉಪಸಮಿತಿಯ ಹೊಣೆ ಕೊಡಿ.

ಹಸ್ತಾಂತರ ಕಾಗದದ ಮೇಲೆ ನಡೆಯಬೇಕು. ನೋಂದಣಿ ಪ್ರಮಾಣಪತ್ರ, ಬೈಲಾ, ನಡಾವಳಿ ಪುಸ್ತಕಗಳು, ನಗದು ಪುಸ್ತಕ, ರಸೀದಿ ಪುಸ್ತಕದ ಬಳಸಿದ ಮತ್ತು ಬಳಸದ ಪ್ರತಿಗಳು, ಚೆಕ್ ಪುಸ್ತಕ, ಠೇವಣಿ ರಸೀದಿ, ಪ್ಯಾನ್ ಕಾರ್ಡ್, ಆಡಿಟ್ ವರದಿಗಳು, ರಬ್ಬರ್ ಸ್ಟಾಂಪು, ಸಾಮಾನುಗಳ ಪಟ್ಟಿ, ಬೀಗದ ಕೈ. ಒಂದೊಂದನ್ನೂ ಎಣಿಸಿ ಇಬ್ಬರೂ ಸಹಿ ಮಾಡಲಿ, ಪ್ರತಿ ಇಬ್ಬರಲ್ಲೂ ಇರಲಿ. ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸಲು ಠರಾವಿನ ಪ್ರತಿ, ಹೊಸಬರ ಗುರುತಿನ ದಾಖಲೆ ಬೇಕಾಗುತ್ತದೆ. ಅದೇ ವಾರ ಹಳಬರು, ಹೊಸಬರು ಒಟ್ಟಿಗೆ ಹೋಗಿ ಮುಗಿಸಿಕೊಂಡು ಬರಲಿ. ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಬದಲಾಗಬೇಕು.

ಹಳೆಯ ಅಧ್ಯಕ್ಷೆಗೆ ಮೊದಲ ಮೂರು ತಿಂಗಳು ಫೋನ್ ಬರುತ್ತಲೇ ಇರುತ್ತದೆ, "ಅಕ್ಕಾ, ಇದಕ್ಕೇನು ಮಾಡೋದು?" ಎಂದು. "ಅಧ್ಯಕ್ಷರನ್ನೇ ಕೇಳು, ಅವರಿಗೆ ಬೇಕಾದರೆ ನನ್ನ ಕೇಳ್ತಾರೆ" ಎಂದಷ್ಟೇ ಉತ್ತರಿಸಬೇಕು. ಮಂಡಳಿಯ ಪತ್ರಗಳಲ್ಲಿ, ಫಲಕದಲ್ಲಿ, ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕೊಟ್ಟಿರುವ ಹಳೆಯ ಮೊಬೈಲ್ ನಂಬರ್ ತೆಗೆಸಿ ಹೊಸಬರದ್ದು ಹಾಕಿಸುವುದನ್ನು ಮೊದಲ ವಾರದಲ್ಲೇ ಮಾಡಿ.